ದಾಕ್ಷಾಯಿಣಿ ಮುಚ್ಚಿಟ್ಟ ಕಾರ್ಯಕ್ರಮ

ಹುಬ್ಬಳ್ಳಿ ದುರ್ಗದಬೈಲಿನ ಬಳೆ ಅಂಗಡಿಗಳನ್ನು ದಾಟಿ ಎಡಕ್ಕೆ ಹೊರಳಿದರೆ ಒಂದು ಇಕ್ಕಟ್ಟಾದ ಓಣಿ. ಅದರ ತುದಿಯಲ್ಲಿರುವ ಎರಡಂತಸ್ತಿನ ಮನೆ ಹತ್ತಿ ವ್ಯಾಪಾರದ ಗುರುಶಿದ್ದಪ್ಪನವರದು. ಅವರು ತೀರಿಕೊಂಡ ಮೇಲೂ ಓಣಿಯವರು ಹಾಗೇ ಅನ್ನುತ್ತಿದ್ದರು. ಆದರೆ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟವರಿಗೆ ಅದು ಅವರ ಹೆಂಡತಿ ಮುರಿಗೆವ್ವನ ಮನೆ ಎಂಬುದು ತಿಳಿಯಲು ಬಹಳ ಹೊತ್ತು ಬೇಕಾಗುತ್ತಿರಲಿಲ್ಲ. ಎಷ್ಟು ರೊಟ್ಟಿ ಬಡಿಯಬೇಕು, ಯಾರಿಗೆ ಚಹಾ ಕೊಡಬೇಕು, ಯಾರನ್ನು ಕಟ್ಟೆಯ ಮೇಲಿಂದಲೇ ಕಳಿಸಬೇಕು, ಎಲ್ಲ ಆಕೆಯ ಹುಬ್ಬಿನ ಸನ್ನೆಯ ಮೇಲೆ ನಡೆಯುತ್ತಿತ್ತು.

ಆ ಮನೆಗೆ ದಾಕ್ಷಾಯಿಣಿ ಸೊಸೆಯಾಗಿ ಬಂದದ್ದು ತೊಂಬತ್ತೆರಡರಲ್ಲಿ. ಶಿರಗುಪ್ಪಿಯ ಸಾಲಿ ಮಾಸ್ತರರ ಮಗಳು. ಧಾರವಾಡದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಬಿ.ಎ. ಮುಗಿಸಿದ್ದಳು. ಮುರಿಗೆವ್ವ ತಾನೇ ಹೋಗಿ ನೋಡಿ ಆರಿಸಿದ್ದಳು. "ಮಾಸ್ತರ ಮಗಳಂದ್ರ ಬಾಯಿ ಸತ್ತಾಕಿ ಇರತಾಳ," ಎಂದು ಬೀಗರೆದುರಿಗೇ ನಕ್ಕಿದ್ದಳು. ಎಲ್ಲರೂ ನಕ್ಕರು. ದಾಕ್ಷಾಯಿಣಿಯೂ ತಲೆ ತಗ್ಗಿಸಿ ನಕ್ಕಳು. ಗಂಡ ವಿಶಾಲ ಕೆಟ್ಟವನಲ್ಲ. ಮುಂಜಾನೆ ಅಂಗಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ, ಉಂಡು ಮಲಗುತ್ತಿದ್ದ. ಅವ್ವ ಮತ್ತು ಹೆಂಡತಿಯ ನಡುವಿನ ಮಾತು ಕಿವಿಗೆ ಬಿದ್ದರೆ ಎದ್ದು ಅಟ್ಟಕ್ಕೆ ಹೋಗಿಬಿಡುತ್ತಿದ್ದ.

ಮಕ್ಕಳಾಗಲಿಲ್ಲ. ಮೊದಲೆರಡು ವರ್ಷ ಮುರಿಗೆವ್ವ ಹರಕೆ ಹೊತ್ತಳು. ಆಮೇಲೆ ಹರಕೆ ಬಿಟ್ಟು ಮಾತು ಹಿಡಿದಳು. ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಹೊರಟರೆ, "ನೀ ಮನ್ಯಾಗ ಇರು. ಮಂದಿ ಕೂಸಿನ ಮ್ಯಾಲ ನಿನ್ನ ನೆರಳು ಯಾಕ," ಎನ್ನುವಳು. ತಮ್ಮ ಮನೆಯಲ್ಲೇ ಮುತ್ತೈದೆಯರಿಗೆ ಉಡಿ ತುಂಬುವಾಗ ದಾಕ್ಷಾಯಿಣಿ ಅಡುಗೆಮನೆಯಲ್ಲಿರಬೇಕು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣ ಹೊಂದಿಸಿಕೊಡುವುದು ಅವಳ ಕೆಲಸ. ಅದನ್ನು ಹೊರಗೆ ಒಯ್ಯುವವರು ಬೇರೆಯವರು.

ಇದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದ್ದು ಒಂದೇ. ಅವಳ ಅಪ್ಪ ತೀರಿಹೋದ ದಿನ ಮುಂಜಾನೆಯೇ ಶಿರಗುಪ್ಪಿಯಿಂದ ಫೋನ್ ಬಂದಿತ್ತು. ಅಂದು ಮನೆಯಲ್ಲಿ ಮಹಾಂತಯ್ಯ ಸ್ವಾಮಿಗಳ ಪಾದಪೂಜೆ. ಊಟಕ್ಕೆ ಮಂದಿ ಕರೆದಾಗಿತ್ತು. ಫೋನ್ ಎತ್ತಿದ ಮುರಿಗೆವ್ವ "ಹೂಂ, ಹೇಳತೇನಿ," ಎಂದು ಕೆಳಗಿಟ್ಟಳು. ದಾಕ್ಷಾಯಿಣಿ ಹೋಳಿಗೆ ಬೇಯಿಸುತ್ತಿದ್ದಳು. ಪಂಕ್ತಿ ಮುಗಿದು, ಸ್ವಾಮಿಗಳು ಎದ್ದು, ಎಂಜಲು ಬಳಿದು, ಪಾತ್ರೆ ಬೆಳಗಿಟ್ಟ ಮೇಲೆ ಮುರಿಗೆವ್ವ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಹೇಳಿದಳು:

"ನಿಮ್ಮಪ್ಪ ಹೋದನಂತ. ಹೋಗಿ ಬಾ."

ಬಸ್ಸು ಇಳಿದು ದಾಕ್ಷಾಯಿಣಿ ಓಡುತ್ತ ಹೋದಾಗ ಮಂದಿ ಮಣ್ಣು ಮುಗಿಸಿ ತಿರುಗಿ ಬರುತ್ತಿದ್ದರು. ಅಣ್ಣ ಯಮನಪ್ಪ ಬಾಗಿಲ ಮುಂದೆ ಕಾಲು ತೊಳೆಯುತ್ತಿದ್ದವನು ತಲೆಯೆತ್ತಿ ನೋಡಿ, "ಈಗ ಬಂದ್ಯಾ ತಂಗಿ," ಎಂದ. ಅಷ್ಟೇ ಅಂದ. ಅವಳು ಹುಬ್ಬಳ್ಳಿಗೆ ಮರಳಿದ ಮೇಲೆ ಅತ್ತೆಯನ್ನು ಏನೂ ಕೇಳಲಿಲ್ಲ. ಮುರಿಗೆವ್ವನೂ ಆ ಮಾತು ತೆಗೆಯಲಿಲ್ಲ. ಆಕೆಗೆ ಅದು ಮಾತೇ ಆಗಿರಲಿಲ್ಲ.

ಹಾಗೆಂದು ಮುರಿಗೆವ್ವ ಸೊಸೆಗೆ ಒಂದು, ಹೊಟ್ಟೆಯ ಮಗಳಿಗೆ ಒಂದು ಎಂದು ಮಾಡಿದವಳಲ್ಲ. ಆಕೆಗೆ ಸುಕನ್ಯಾ ಎಂಬ ಮಗಳಿದ್ದಳು. ಗಬ್ಬೂರಿನ ಹತ್ತಿರದ ಅವರ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದ ದುರ್ಗೇಶ ಎಂಬ ಹುಡುಗನ ಜೊತೆ ಅವಳು ಹೈದರಾಬಾದಿಗೆ ಹೋಗಿ ಮದುವೆಯಾದಳು. ಅವನ ಜಾತಿ ಬೇರೆ; ಅವನಪ್ಪ ಇದೇ ಮನೆಯ ಹತ್ತಿ ಲಾರಿ ಹೊಡೆಯುತ್ತಿದ್ದವನು. ಅಂದಿನಿಂದ ಆ ಮನೆಯಲ್ಲಿ ಸುಕನ್ಯಾಳ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಗುರುಶಿದ್ದಪ್ಪನವರು ಹೋದಾಗ ಅವಳು ಹೇಗೋ ಸುದ್ದಿ ತಿಳಿದು ಬಂದು ಬಾಗಿಲಲ್ಲಿ ನಿಂತಳು. ಕಂಕುಳಲ್ಲಿ ಕೂಸಿತ್ತು. ಮುರಿಗೆವ್ವ ಗಂಡನ ಹೆಣದ ಪಕ್ಕದಿಂದ ಎದ್ದು ಬಂದು, ಮಗಳ ಮುಖ ನೋಡಿ, ಬಾಗಿಲ ಎರಡೂ ಕದ ಹಾಕಿಕೊಂಡಳು. ಒಳಗಿದ್ದ ಮಂದಿಗೆ, "ಯಾರೋ ಮನಿ ತಪ್ಪಿ ಬಂದಿದ್ರು," ಎಂದಳು. ಹೊಸದಾಗಿ ಓಣಿಗೆ ಬಂದವರು ಕೇಳಿದರೆ, ತನಗಿರುವುದು ಒಬ್ಬನೇ ಮಗ ಎನ್ನುತ್ತಿದ್ದಳು.

ಎರಡು ಸಾವಿರದ ಒಂದರಲ್ಲಿ ವಿಶಾಲ ಮನೆಗೆ ಕಂಪ್ಯೂಟರ್ ತಂದ. ಮುಂಬಯಿಯ ಹತ್ತಿ ದರ ನೋಡಲು ಎಂದು ತಂದದ್ದು. ಅಂಗಡಿಯಲ್ಲಿ ಅರಳೆಯ ಧೂಳು ಹಾರಿ ಕೆಡುತ್ತದೆಂದು ಮನೆಯ ಪಡಸಾಲೆಯಲ್ಲಿ, ಫೋನಿನ ಪಕ್ಕದಲ್ಲಿ ಮೇಜು ಹಾಕಿಸಿದ. ಕಲಿಸಲು ಬಂದವನು ಇಂಗ್ಲಿಷಿನಲ್ಲಿ ಗಡಗಡ ಹೇಳಿ ಹೋದ. ವಿಶಾಲನಿಗೆ ತಲೆಗೆ ಹತ್ತಲಿಲ್ಲ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ದಾಕ್ಷಾಯಿಣಿಗೆ ಹತ್ತಿತು. ದಿನಾ ಹನ್ನೊಂದಕ್ಕೆ ದರ ತೆಗೆದು ಅಂಗಡಿಗೆ ಫೋನ್ ಮಾಡಿ ಹೇಳುವ ಕೆಲಸ ಅವಳ ಪಾಲಿಗೆ ಬಂತು. ಮದುವೆಯಾದ ಮೇಲೆ ಒಲೆಯ ಮುಂದಲ್ಲದೆ ಬೇರೆ ಕಡೆ ಕೂತು ಮಾಡುವ ಕೆಲಸ ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ದರ ನೋಡಿ ಮುಗಿದ ಮೇಲೂ ಅವಳು ಸ್ವಲ್ಪ ಹೊತ್ತು ಅಲ್ಲೇ ಕೂರತೊಡಗಿದಳು. ಹಾಗೆ ತಡಕಾಡುವಾಗ ಒಂದು ದಿನ ಟಿವಿ ಕಾರ್ಯಕ್ರಮಗಳ ಪಟ್ಟಿಯಿರುವ ಜಾಲತಾಣ ಸಿಕ್ಕಿತು. ಭಾಷೆ ಆರಿಸಬೇಕು, ಊರು ಆರಿಸಬೇಕು. ಹುಬ್ಬಳ್ಳಿ ಅದರಲ್ಲಿ ಇರಲಿಲ್ಲ, ಬೆಂಗಳೂರು ಒತ್ತುತ್ತಿದ್ದಳು. ಮೇಲಿನ ಖಾಲಿ ಜಾಗದಲ್ಲಿ ಒಂದು ಹೆಸರು ಹೊಡೆದರೆ, ಆ ಹೆಸರು ಯಾವ ಚಾನೆಲ್ಲಿನಲ್ಲಿ ಯಾವಾಗ ಬರುತ್ತದೆಂಬುದು ಒಂದೊಂದೇ ಸಾಲಾಗಿ ಇಳಿಯುತ್ತಿತ್ತು. ಕೆಲವು ಕಡೆ ವೇಳೆ ಪರದೇಶದ್ದು. ಅದಕ್ಕೆ ಐದೂವರೆ ತಾಸು ಕೂಡಿಸಬೇಕೆಂದು ತಾನೇ ಕಂಡುಕೊಂಡಳು. ಅವರ ಮನೆಯ ಕೇಬಲ್ಲಿಗೆ ಬಾರದ ಚಾನೆಲ್‌ಗಳ ಪಟ್ಟಿಯನ್ನೂ ಓದುತ್ತಿದ್ದಳು. ಎಲ್ಲೋ ಒಂದು ದೇಶದಲ್ಲಿ ಈಗ ಮಂಜಿನ ಮೇಲಿನ ನಾಯಿಗಳ ಓಟ ತೋರಿಸುತ್ತಿದ್ದಾರೆ, ಇನ್ನೊಂದು ಕಡೆ ಹಳೇ ಗಡಿಯಾರ ರಿಪೇರಿ ಮಾಡುವುದನ್ನು ತೋರಿಸುತ್ತಿದ್ದಾರೆ ಎಂದು ಓದಿ, ಕಣ್ಣು ಮುಚ್ಚಿ ಅದು ಹೇಗಿರಬಹುದೆಂದು ನೋಡುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಕೂಗು ಬರುತ್ತಿತ್ತು.

"ಆ ಪೆಟಗಿ ಮುಂದ ಕುಂತು ಏನ ತತ್ತಿ ಇಡಾಕತ್ತೀಯೇನ? ಅದರೇ ಇಡು. ಏನಾರ ಒಂದು ಇಟ್ಟಂಗಾತು."

ಮುರಿಗೆವ್ವನಿಗೆ ಸಕ್ಕರೆ ಕಾಯಿಲೆ. ಎಡಗಣ್ಣಿನ ದೃಷ್ಟಿ ಅದರಿಂದಲೇ ಹೋಗಿ, ಬರೀ ನೆರಳು ಕಾಣುತ್ತಿತ್ತು. ಬಲಗಣ್ಣಿಗೆ ಪೊರೆ ಬರುತ್ತಿತ್ತು. ಆದರೂ ಆಕೆಗೆ ಟಿವಿ ಬೇಕು. ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು ಧಾರಾವಾಹಿ ನೋಡುತ್ತಿದ್ದಳು. ಪೇಪರಿನ ಸಣ್ಣ ಅಕ್ಷರ ಓದಲಾಗದೆ, ಯಾವುದು ಎಷ್ಟು ಹೊತ್ತಿಗೆ ಎಂದು ಸೊಸೆಯನ್ನೇ ಕೇಳಬೇಕಾಯಿತು.

"ಆ ಪೆಟಗೀಗೆ ಕೇಳು, ಇವತ್ತ ಮಧ್ಯಾಹ್ನ ಸಿನೆಮಾ ಯಾವುದೈತಿ."

ಒಂದು ದಿನ ಹೋಳಿಗೆ ಸಾರಿಗೆ ಹುಳಿ ಹೆಚ್ಚಾಯಿತೆಂದು ಮುರಿಗೆವ್ವ ತಟ್ಟೆಯನ್ನು ತಳ್ಳಿದಳು. ಸಾರು ದಾಕ್ಷಾಯಿಣಿಯ ಕಾಲಮೇಲೆ ಚೆಲ್ಲಿತು. ಅದೇ ಮಧ್ಯಾಹ್ನ ಮುರಿಗೆವ್ವ ಧಾರಾವಾಹಿಯ ವೇಳೆ ಕೇಳಿದಾಗ, ಪರದೆಯ ಮೇಲೆ "ಮೂರು ಗಂಟೆ" ಎಂದು ಎದುರಿಗೇ ಇರುವಾಗ, ದಾಕ್ಷಾಯಿಣಿ ಹೇಳಿದಳು:

"ಇವತ್ತಿಲ್ರಿ ಅತ್ತಿ. ಕ್ರಿಕೆಟ್ ಐತಂತ."

"ಸುಡಗಾಡ ಕ್ರಿಕೆಟ್ಟು," ಎಂದು ಮುರಿಗೆವ್ವ ಮಗ್ಗುಲಾಗಿ ಮಲಗಿದಳು. ಮಲಗಿದವಳ ಬೆನ್ನು ನೋಡುತ್ತ ದಾಕ್ಷಾಯಿಣಿಗೆ ಎದೆಯೊಳಗೆ ತಣ್ಣಗಾಯಿತು. ಆ ಮನೆಯಲ್ಲಿ ಕೊಡುವುದಕ್ಕಾಗಲಿ ಕೊಡದೆ ಇಟ್ಟುಕೊಳ್ಳುವುದಕ್ಕಾಗಲಿ ಅವಳ ಕೈಯಲ್ಲಿ ಅಲ್ಲಿಯವರೆಗೆ ಏನೂ ಇರಲಿಲ್ಲ. ಈಗ ಸಿಕ್ಕಿತು. ಅಂದಿನಿಂದ ಬೈದ ದಿನ ಧಾರಾವಾಹಿ ಇರುತ್ತಿರಲಿಲ್ಲ. ಹೆಚ್ಚು ಬೈದ ದಿನ ಸಿನೆಮಾ, ಇದ್ದ ಹೊತ್ತಿಗಿಂತ ಒಂದು ತಾಸು ತಡವಾಗಿರುತ್ತಿತ್ತು. ಮುರಿಗೆವ್ವ ಹಾಕಿ ನೋಡಿದರೆ ಅರ್ಧ ಕತೆ ಮುಗಿದಿರುತ್ತಿತ್ತು. "ಅವರ ಬದಲ ಮಾಡಿದಂಗ ಕಾಣತೈತ್ರಿ," ಎಂದು ದಾಕ್ಷಾಯಿಣಿ ಮೆಲ್ಲಗೆ ಹೇಳುವಳು. ಬಾಯಿ ಸತ್ತವಳ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಎರಡು ಸಾವಿರದ ಮೂರರ ಆಷಾಢ ಕಳೆದ ಮೇಲಿನ ಮಾತು. ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದ ಸಾವಕ್ಕ ಕೊತ್ತಂಬರಿ ಸಿವುಡು ಹಿಡಿದುಕೊಂಡು ಬಂದಳು. ಅವಳು ಈಗ ಗಬ್ಬೂರಿನಲ್ಲಿದ್ದಳು, ದುರ್ಗೇಶನ ತಂಗಿಯ ಮನೆಯ ಹತ್ತಿರ. ಬಂದವಳು ಕಟ್ಟೆಯ ಮೇಲೆ ಕೂತು, ಅತ್ತ ಇತ್ತ ನೋಡಿ, ದನಿ ತಗ್ಗಿಸಿದಳು.

"ಅವ್ವಾರ, ಬೈಬ್ಯಾಡ್ರಿ. ಅಕಿ ಟಿವ್ಯಾಗ ಬರತಾಳಂತರಿ. ಅಡಗಿ ಮಾಡಿ ತೋರಸ್ತಾರಲ್ರಿ, ಅದರಾಗ. ಮಾದ್ಲಿ ಮಾಡ್ಯಾಳಂತ. ಯಾವತ್ತ ಅಂತ ಅವರಿಗೂ ಗೊತ್ತಿಲ್ಲಂತ. ಟಿವಿಯವರೇನ ಮದಲ ಹೇಳೂದಿಲ್ಲಂತರಿ."

ಮುರಿಗೆವ್ವ "ಯಾರು?" ಎಂದು ಕೇಳಲಿಲ್ಲ. "ಕೊತ್ತಂಬರಿ ಒಳಗ ಇಟ್ಟು ಹೋಗು," ಎಂದಳು.

ಅಂದು ಊಟ ಸರಿಯಾಗಿ ಮಾಡಲಿಲ್ಲ. ಮಧ್ಯಾಹ್ನ ದಾಕ್ಷಾಯಿಣಿ ಕಂಪ್ಯೂಟರಿನ ಮುಂದೆ ಕೂತಿರುವಾಗ ಗೋಡೆ ಹಿಡಿದುಕೊಂಡು ಬಂದು ಮೇಜಿನ ಅಂಚು ತಡವಿ ನಿಂತಳು. ಆ ಮೇಜಿನ ಹತ್ತಿರ ಆಕೆ ಎಂದೂ ಬಂದವಳಲ್ಲ.

"ಇದರಾಗ ಅಡಗಿ ಕಾರ್ಯಕ್ರಮಾನೂ ಹಾಕಿರತಾರೇನ?"

"ಹಾಕಿರತಾರ್ರಿ."

"ಯಾರ್ಯಾರು ಮಾಡತಾರ ಅಂತ?"

"ಹೆಸರು ಹೊಡದ್ರ ಬರತೈತ್ರಿ. ಯಾರ ಹೆಸರು ಹೊಡೀಲಿ?"

ಸಾವಕ್ಕನ ಮಾತು ದಾಕ್ಷಾಯಿಣಿಗೆ ಬಾಗಿಲ ಹಿಂದಿನಿಂದ ಕೇಳಿತ್ತು. ಹೆಸರು ಅವಳಿಗೆ ಗೊತ್ತಿತ್ತು. ಆದರೂ ಬೆರಳನ್ನು ಕೀಲಿಗಳ ಮೇಲಿಟ್ಟುಕೊಂಡು ಕಾದಳು.

"ನಿನಗ ಗೊತ್ತೈತಿ," ಎಂದಳು ಮುರಿಗೆವ್ವ.

"ನನಗೇನ ಗೊತ್ತರಿ ಅತ್ತಿ. ನೀವ ಹೇಳಬೇಕು."

"ಸುಕನ್ಯಾ."

"ಕೇಳಲಿಲ್ರಿ."

"ಸುಕನ್ಯಾ ಅಂದ್ನೆಲ್ಲ!"

ದಾಕ್ಷಾಯಿಣಿ ಹೊಡೆದಳು. ಸಾಲುಗಳು ಇಳಿದವು. "ಈ ಹೆಸರಿನವರು ಭಾಳ ಮಂದಿ ಅದಾರ್ರಿ. ಮುಂದ ಏನು ಹೊಡೀಲಿ? ಗಂಡನ ಹೆಸರು ಸೇರಿಸಿದ್ರ ಸರಿಯಾಗಿ ಸಿಗತೈತಿ."

ಲಾರಿ ಹೊಡೆಯುವವನ ಮಗನ ಹೆಸರು ಆ ಬಾಯಲ್ಲಿ ಬರಬೇಕು. ದಾಕ್ಷಾಯಿಣಿ ಅವಸರ ಮಾಡಲಿಲ್ಲ. ಹೊರಗೆ ಓಣಿಯಲ್ಲಿ ಪಾತ್ರೆ ಕಲಾಯಿಯವನು ಕೂಗುತ್ತ ಹೋದ.

"ದುರ್ಗೇಶ," ಎಂದಳು ಮುರಿಗೆವ್ವ, ಗೋಡೆಯ ಕಡೆ ಮುಖ ಮಾಡಿ.

"ಅಳಿಯಂದಿರ ಹೆಸರು ದುರ್ಗೇಶ ಏನ್ರಿ," ಎಂದು ದಾಕ್ಷಾಯಿಣಿ ಮೊದಲ ಸಲ ಕೇಳಿದವಳಂತೆ ಅಂದಳು. ಹೊಡೆದಳು. "ಈ ವಾರ ಇಲ್ರಿ. ನಾಳೆ ಮತ್ತ ನೋಡತೇನಿ."

ಮರುದಿನ ಮುರಿಗೆವ್ವ ಮತ್ತೆ ಬಂದಳು. ದಾಕ್ಷಾಯಿಣಿ ಮತ್ತೆ ಕೇಳಿದಳು, "ಯಾರ ಹೆಸರ್ರಿ?" ಪೆಟ್ಟಿಗೆ ಹಿಂದಿನ ದಿನದ್ದು ನೆನಪಿಟ್ಟುಕೊಳ್ಳುವುದಿಲ್ಲ ಎಂದಳು. ದಿನಾ ಆ ಹೆಸರುಗಳನ್ನು ಆಕೆಯ ಬಾಯಿಂದ ಹೊರಡಿಸಿದಳು. ಆ ದಿನಗಳಲ್ಲಿ ಮುರಿಗೆವ್ವನ ಬೈಗುಳ ಕಡಿಮೆಯಾಯಿತು. ರೊಟ್ಟಿ ದಪ್ಪವಾದರೂ ತಿಂದಳು. ಒಂದು ಸಲ, "ನೀನೂ ಉಣ್ಣು, ಹೊತ್ತಾತು," ಎಂದಳು. ಹನ್ನೊಂದು ವರ್ಷದಲ್ಲಿ ಆ ಮಾತು ಕೇಳಿರದ ದಾಕ್ಷಾಯಿಣಿಗೆ ಅದು ಸಿಹಿಯಾಗಲಿಲ್ಲ. ಇಷ್ಟು ಸುಲಭವಾಗಿ ಬರಬಹುದಾದ ಮಾತನ್ನು ಇಷ್ಟು ದಿನ ತಡೆದಿದ್ದಳಲ್ಲ ಎಂದು ಸಿಟ್ಟೇ ಬಂತು.

ಒಂದು ಸೋಮವಾರ ಸಿಕ್ಕಿತು. ಚಾನೆಲ್ಲಿನ ವಾರದ ಪಟ್ಟಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ: ಸುಕನ್ಯಾ ದುರ್ಗೇಶ, ಹೈದರಾಬಾದ್, ಮಾದ್ಲಿ. ಗುರುವಾರ ಮಧ್ಯಾಹ್ನ ಒಂದೂವರೆ. ಮರುಪ್ರಸಾರ ಶುಕ್ರವಾರ ಮುಂಜಾನೆ. ಮುರಿಗೆವ್ವ ಪಕ್ಕದಲ್ಲೇ ನಿಂತಿದ್ದಳು. ಪರದೆಯ ಬೆಳಕು ಆಕೆಯ ಪೊರೆ ಬಂದ ಕಣ್ಣಿನಲ್ಲಿ ಬಿಳಿಯ ಚುಕ್ಕೆಯಾಗಿ ಕಾಣುತ್ತಿತ್ತು. ಮಗಳ ಹೆಸರು ಒಂದು ಗೇಣು ದೂರದಲ್ಲಿತ್ತು.

"ಬಂತೇನ?"

"ಇಲ್ರಿ ಅತ್ತಿ."

ಅಂದೇ ಸಂಜೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಬಲಗಣ್ಣಿನ ಪೊರೆ ತೆಗೆಯಬೇಕು, ಈ ಬುಧವಾರವೂ ಆಗುತ್ತದೆ, ಮುಂದಿನ ವಾರವೂ ಆಗುತ್ತದೆ, ನೀವೇ ಹೇಳಿ ಎಂದರು ಡಾಕ್ಟರು. ವಿಶಾಲ ಹೆಂಡತಿಯ ಮುಖ ನೋಡಿದ. ಆರೈಕೆ ಮಾಡುವವಳು ಅವಳೇ ತಾನೇ.

"ಬುಧವಾರನ ಆಗಲಿ," ಎಂದಳು ದಾಕ್ಷಾಯಿಣಿ. "ಲಗೂ ಆದ್ರ ಛಲೋ."

ಬುಧವಾರ ಪೊರೆ ತೆಗೆದರು. ಬಲಗಣ್ಣಿಗೆ ಹತ್ತಿಯಿಟ್ಟು ಪಟ್ಟಿ ಬಿಗಿದರು. ಸಕ್ಕರೆ ಇರುವುದರಿಂದ ಶನಿವಾರದವರೆಗೆ ಬಿಚ್ಚಬಾರದೆಂದರು. ಉಳಿದ ಎಡಗಣ್ಣಿಗೆ ಕಾಣುವುದು ನೆರಳು ಮಾತ್ರ. ಮುರಿಗೆವ್ವನನ್ನು ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದರು.

ಗುರುವಾರ ಒಂದೂವರೆಗೆ ದಾಕ್ಷಾಯಿಣಿ ಕೋಣೆಯ ಬಾಗಿಲು ಅರ್ಧ ಮುಚ್ಚಿ, ಟಿವಿ ಹಚ್ಚಿ, ದನಿಯನ್ನು ಪೂರ್ತಿ ಅಡಗಿಸಿದಳು. ನೆಲದ ಮೇಲೆ ಕೂತಳು. ಸುಕನ್ಯಾ ಬಂದಳು. ದಪ್ಪವಾಗಿದ್ದಳು, ಕಣ್ಣಿಗೆ ಚಾಳೀಸು ಬಂದಿತ್ತು, ಇಳಕಲ್ ಸೀರೆ ಉಟ್ಟಿದ್ದಳು. ಗೋದಿ ರವೆ ಹುರಿದಳು, ಬೆಲ್ಲ ಪುಡಿ ಮಾಡಿದಳು, ಪುಟಾಣಿ, ಗಸಗಸೆ, ಶುಂಠಿ ಪುಡಿ ಬೆರೆಸಿದಳು. ಬೆರೆಸುವಾಗ ಕೈಯನ್ನು ತಿರುವುವ ರೀತಿ ಥೇಟ್ ಮುರಿಗೆವ್ವನದು. ನಿರೂಪಕಿ ಏನೋ ಕೇಳಿದಳು. ಸುಕನ್ಯಾ ನಕ್ಕಳು, ಎದುರಿಗೆ ಯಾರನ್ನೋ ನೋಡಿ ಸ್ವಲ್ಪ ಉದ್ದವಾದ ಮಾತನ್ನೇ ಆಡಿದಳು, ಆಡುತ್ತ ಆಡುತ್ತ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಏನಂದಳು? ದಾಕ್ಷಾಯಿಣಿಯ ಹೆಬ್ಬೆರಳು ರಿಮೋಟಿನ ಮೇಲೆ ಹೋಯಿತು.

"ದಾಕ್ಷಾಯಿಣಿ," ಒಳಗಿನಿಂದ ದನಿ ಬಂತು. "ಟಿವಿ ಹಚ್ಚಿಯೇನ? ಬೆಳಕು ಅಲಗ್ಯಾಡಿದಂಗ ಆಗತೈತಿ."

"ಸುಮ್ನ ಹಚ್ಚೇನ್ರಿ. ಏನಿಲ್ಲ ಅದರಾಗ."

ಹೆಬ್ಬೆರಳು ಅಲ್ಲೇ ನಿಂತಿತು. ಸುಕನ್ಯಾ ಮಾತು ಮುಗಿಸಿ ಬಟ್ಟಲಿಗೆ ತುಪ್ಪ ಸುರಿದಳು.

ಸಂಜೆಯ ಹೊತ್ತಿಗೆ ದಾಕ್ಷಾಯಿಣಿಯ ಮನಸ್ಸು ಅಲುಗಾಡಿತು. ಕಣ್ಣೊರೆಸಿಕೊಂಡ ಆ ಮುಖ ಕಣ್ಣ ಮುಂದೆ ಬರುತ್ತಿತ್ತು. ನಾಳೆ ಮುಂಜಾನೆ ಮತ್ತೊಮ್ಮೆ ಬರುತ್ತದೆ. ಕಾಣದಿದ್ದರೇನು, ಕೇಳಿಸಬಹುದು, ಈಗಷ್ಟೇ ಸಿಕ್ಕಿತು ಎಂದರಾಯಿತು. ಹೀಗೆ ಅಂದುಕೊಂಡೇ ಹಾಲಲ್ಲಿ ರೊಟ್ಟಿ ಹಿಸುಕಿ ತಂದು, ತುತ್ತು ಮಾಡಿ ಅತ್ತೆಯ ಬಾಯಿಗಿಟ್ಟಳು. ಮುರಿಗೆವ್ವ ಎರಡು ತುತ್ತು ನುಂಗಿದಳು. ಮೂರನೆಯದನ್ನು ಉಗುಳಿದಳು. ಕಣ್ಣು ನೋಯುತ್ತಿತ್ತು, ಅದಕ್ಕೆ ಇರಬೇಕು.

"ನಿನ್ನ ಕೈಯಾಗಿಂದು ಉಂಡು ಉಂಡು ನನಗ ಈ ಗತಿ ಬಂತು. ಹಡದ ಕೈ ಆಗಿದ್ರ ತುತ್ತು ಮಾಡೂದರೇ ತಿಳೀತಿತ್ತು. ನೆಲಾ ಒರಸು."

ದಾಕ್ಷಾಯಿಣಿ ನೆಲ ಒರೆಸಿದಳು. ಒರೆಸುತ್ತಲೇ ನಾಳೆ ಕೇಳಿಸುವ ಮಾತನ್ನು ಮನಸ್ಸಿನಲ್ಲೇ ಮುಗಿಸಿಬಿಟ್ಟಳು.

ಶುಕ್ರವಾರ ಮುಂಜಾನೆ ಅವರ ಮನೆಯ ಟಿವಿ ಹಚ್ಚಲಿಲ್ಲ. ಆದರೆ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಗೋವಿಂದಪ್ಪನವರ ಮನೆಯಲ್ಲಿ ಹಚ್ಚಿದ್ದರು. ನಡುವೆ ಒಂದೇ ಗೋಡೆ. ಮುರಿಗೆವ್ವ ಹಾಸಿಗೆಯಲ್ಲಿ ಥಟ್ಟನೆ ಎದ್ದು ಕೂತಳು.

"ದಾಕ್ಷಾಯಿಣೀ! ಅಕಿ ದನಿ!"

"ಯಾರದ್ರಿ?"

"ನಮ್ಮ ಸುಕನ್ಯಾಂದು! ಟಿವಿ ಹಚ್ಚು, ಲಗೂ ಹಚ್ಚು!" ಎದ್ದವಳ ಕಾಲು ಮಂಚಕ್ಕೆ ಎಡವಿತು. ಗೋಡೆಗೆ ಎರಡೂ ಅಂಗೈ ಒತ್ತಿ, ಕಿವಿ ಹಚ್ಚಿದಳು. ಹೊರಗೆ ಓಣಿಯ ಹಿಟ್ಟಿನ ಗಿರಣಿಯ ಸದ್ದು. ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಹೋಗಿ ಆಕೆಯ ತೋಳು ಹಿಡಿದಳು.

"ಯಾರೋ ಹೆಣ್ಣಮಗಳು ಜಾಹೀರಾತಿನಾಗ ಮಾತಾಡಾಕತ್ತಾಳ್ರಿ. ಕಣ್ಣು ಕಟ್ಟಿದ್ರ ಹಿಂಗ ಏನೇನೋ ಕೇಳತೈತಂತ. ಮಲಕೋರ್ರಿ. ಪಟ್ಟಿ ಸರದ್ರ ಕಣ್ಣು ಹೋಗತೈತಿ."

"ಖರೇನ ಅಕಿ ಅಲ್ಲೇನ?"

"ಅಲ್ರಿ."

ಮುರಿಗೆವ್ವ ಮಲಗಿದಳು. "ಹೌದು, ಅಕಿ ದನಿ ಹಂಗ ದಪ್ಪ ಇರಲಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು.

ಪಟ್ಟಿ ಬಿಚ್ಚಿ ಕೆಲವು ದಿನಗಳಾದ ಮೇಲೆ ಸಾವಕ್ಕ ಮತ್ತೆ ಬಂದಳು. ಮುರಿಗೆವ್ವ ಕಟ್ಟೆಯ ಮೇಲೆ ಹೊಸ ಚಾಳೀಸು ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ನೋಡಿದ್ರೇನ್ರಿ ಅವ್ವಾರ? ಎರಡು ಸಲ ತೋರಿಸಿದ್ರಂತಲ್ರಿ. ಗುರುವಾರ ಒಮ್ಮಿ, ಮರುದಿನ ಮುಂಜಾನಿ ಒಮ್ಮಿ. ನಮ್ಮ ಕಡೆ ಎರಡೂ ಸಲ ಕರೆಂಟ ಇರಲಿಲ್ಲ. ದುರ್ಗೇಶನ ತಂಗಿ ಹೊಯ್ಕೊಂಡಿದ್ದ ಹೊಯ್ಕೊಂಡಿದ್ದು."

ಮುರಿಗೆವ್ವನ ಕೈ ನಿಂತಿತು. ಸಾವಕ್ಕನನ್ನು ಕಳಿಸಿದಳು. ಆಮೇಲೆ ಒಳಗೆ ಬಂದು ಕಂಪ್ಯೂಟರಿನ ಮುಂದೆ ನಿಂತಳು. ದಾಕ್ಷಾಯಿಣಿ ಎದ್ದು ನಿಂತಳು. ಮುರಿಗೆವ್ವನಿಗೆ ಈಗ ಸೊಸೆಯ ಮುಖ ನಿಚ್ಚಳವಾಗಿ ಕಾಣುತ್ತಿತ್ತು.

"ನಿನಗ ಗೊತ್ತಿತ್ತೇನ?"

"ಗೊತ್ತಿತ್ತರಿ."

"ಬುಧವಾರನ ಆಗಲಿ ಅಂದಿ."

"ಹೌದ್ರಿ."

ಹೊಡೆಯುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ ಎಂದು ದಾಕ್ಷಾಯಿಣಿ ಕಾದಳು. ಯಾಕೆ ಎಂದಾದರೂ ಕೇಳಲಿ, ಅಪ್ಪನ ಮಣ್ಣಿನ ದಿನವನ್ನು ಹೇಳಿಬಿಡುತ್ತೇನೆ ಎಂದು ಮಾತು ಹೊಂದಿಸಿಕೊಂಡು ನಿಂತಳು. ಮುರಿಗೆವ್ವ ಯಾಕೆ ಎಂದು ಕೇಳಲೇ ಇಲ್ಲ. ಮೇಜಿನ ಅಂಚು ಹಿಡಿದುಕೊಂಡು ಕೇಳಿದಳು:

"ಏನಂದ್ಲು?"

"ರಿ?"

"ನೀ ನೋಡೀಯಲ್ಲ. ಅಡಗಿ ಮಾಡುವಾಗ ಕೇಳತಾರ, ಯಾರು ಕಲಿಸಿದ್ರು ಅಂತ. ಅಕಿ ಏನಂದ್ಲು?"

"ಗೊತ್ತಿಲ್ರಿ. ದನಿ ಬಂದ್ ಮಾಡಿ ನೋಡಿದೆ."

"ಸುಳ್ಳ ಹೇಳಬ್ಯಾಡ."

"ಖರೇನ ಹೇಳಾಕತ್ತೇನ್ರಿ ಅತ್ತಿ. ಆಣಿ ಮಾಡತೇನಿ."

ಆಣೆಯನ್ನು ಮುರಿಗೆವ್ವ ನಂಬಲಿಲ್ಲ. ಎರಡು ವರ್ಷ ಸುಳ್ಳು ಹೇಳಿದ ಬಾಯಿಂದ ಬಂದ ಆ ಒಂದು ನಿಜಕ್ಕೆ ಎಲ್ಲಿಯ ಬೆಲೆ.

ಸಂಜೆ ವಿಶಾಲನಿಗೆ ಗೊತ್ತಾಯಿತು. ಅವನು ಕೂಗಾಡಲಿಲ್ಲ. ಹೆಂಡತಿಯನ್ನು ಒಮ್ಮೆ ನೋಡಿ, ಕಂಪ್ಯೂಟರಿಗೆ ಹಾಕಿದ್ದ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತ. ಮರುದಿನ ಹಮಾಲರನ್ನು ಕರೆತಂದು ಕಂಪ್ಯೂಟರನ್ನು ಮೇಜಿನ ಸಮೇತ ಗೋದಾಮಿಗೆ ಹೊರಿಸಿದ. "ಧೂಳಾದ್ರ ಆಗಲಿ," ಎಂದ. ಪಡಸಾಲೆಯಲ್ಲಿ ಮೇಜಿದ್ದ ಜಾಗದಲ್ಲಿ ಜೋಳದ ಚೀಲ ಬಂದು ಕೂತಿತು. ಮಂಜಿನ ಮೇಲೆ ಓಡುವ ನಾಯಿಗಳ ಊರು ದಾಕ್ಷಾಯಿಣಿಗೆ ಅಲ್ಲಿಗೆ ಮುಚ್ಚಿತು. ದರ ತೆಗೆಯಲು ವಿಶಾಲ ಮೆಹಬೂಬ ಎಂಬ ಗುಮಾಸ್ತನನ್ನು ಇಟ್ಟುಕೊಂಡ.

ಮುರಿಗೆವ್ವ ಮುಂದೆ ಮೂರು ವರ್ಷ ಬದುಕಿದಳು. ಬಂಜೆ ಎನ್ನುವುದನ್ನು ಬಿಟ್ಟಳು. ಬೈಯುವುದನ್ನೇ ಬಿಟ್ಟಳು. ಮಾಡಿಟ್ಟದ್ದನ್ನು ಉಂಡಳು, ತೋರಿಸಿದ ಕಡೆ ಕೂತಳು. ಆದರೆ ಊಟಕ್ಕೆ ಕೂತಾಗ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ, ಹೊತ್ತಲ್ಲದ ಹೊತ್ತಿನಲ್ಲಿ ಕೇಳುತ್ತಿದ್ದಳು, "ಏನಂದ್ಲು ಹೇಳ. ಈಗರೇ ಹೇಳ." ದಾಕ್ಷಾಯಿಣಿ "ಗೊತ್ತಿಲ್ರಿ," ಎನ್ನುತ್ತಿದ್ದಳು. ಮುರಿಗೆವ್ವ ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಕೇಳಿದರೆ ತನಗೊಬ್ಬ ಮಗಳಿದ್ದಾಳೆಂದು ಒಪ್ಪಬೇಕಿತ್ತು. ಗಬ್ಬೂರಿಗೆ ಹೇಳಿ ಕಳಿಸಬಹುದಿತ್ತು, ಹೈದರಾಬಾದಿಗೆ ಫೋನ್ ಮಾಡಬಹುದಿತ್ತು. ಬಾಗಿಲು ಹಾಕಿದ ಕೈಗೆ ಅದು ಆಗಲಿಲ್ಲ.

ಒಂದು ಸಲ ದಾಕ್ಷಾಯಿಣಿಗೆ, ಹೋಗಲಿ, "ನಮ್ಮವ್ವ ಕಲಿಸಿದ್ಲು ಅಂದ್ರು" ಎಂದುಬಿಡೋಣ ಎನ್ನಿಸಿತು. ಬಾಯಿ ತೆರೆದಳು ಕೂಡ. ಆದರೆ ಈ ಮಾತನ್ನು ಅತ್ತೆ ನಂಬಿಬಿಟ್ಟರೆ ಎಂದು ಹೆದರಿಕೆಯಾಯಿತು. ನಂಬಿ ಆಕೆ ಸುಖವಾಗಿ ಸಾಯಬಹುದು. ಅದನ್ನು ಸಹಿಸುವಷ್ಟು ದೊಡ್ಡ ಮನಸ್ಸು ತನಗಿಲ್ಲವೆಂದು ಅವಳಿಗೆ ಅಂದೇ ತಿಳಿದದ್ದು. ಬಾಯಿ ಮುಚ್ಚಿಕೊಂಡಳು.

ಎರಡು ಸಾವಿರದ ಆರರಲ್ಲಿ ಮುರಿಗೆವ್ವ ತೀರಿಕೊಂಡಳು. ವಿಶಾಲ ತಾನೇ ತಂಗಿಗೆ ಸುದ್ದಿ ಮುಟ್ಟಿಸಿದ. ಸುಕನ್ಯಾ ಗಂಡ ಮಕ್ಕಳೊಂದಿಗೆ ಬಂದಳು. ಯಾರೂ ತಡೆಯಲಿಲ್ಲ. ಮೂರನೆಯ ದಿನ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ಬದನೆಕಾಯಿ ಹೆಚ್ಚುತ್ತಿದ್ದ ನಾದಿನಿಯನ್ನು ದಾಕ್ಷಾಯಿಣಿ ಕೇಳಿದಳು:

"ಟಿವ್ಯಾಗ ಮಾದ್ಲಿ ಮಾಡಿದ್ರಲ್ಲ. ಯಾರು ಕಲಿಸಿದ್ರು ಅಂತ ಕೇಳಿದಾಗ ಏನಂದ್ರಿ?"

ಸುಕನ್ಯಾ ನೆನಪು ಮಾಡಿಕೊಂಡಳು. "ನಮ್ಮತ್ತಿ ಕಲಿಸಿದ್ರು ಅಂದೆ. ಅವರೂ ಅಲ್ಲೇ ಮುಂದ ಕುಂತಿದ್ರು ವೈನಿ. ಖುಷಿ ಆಗಲಿ ಅಂತ."

"ಕಣ್ಣೊರಸಿಕೊಂಡ್ರಿ."

"ಶುಂಠಿ ಪುಡಿ ಹಾರಿತ್ತು." ಸುಕನ್ಯಾ ಈಳಿಗೆ ಬದಿಗಿಟ್ಟಳು. "ಅವ್ವ ನೋಡಿದ್ಲೇನ?"

"ಇಲ್ಲ," ಎಂದಳು ದಾಕ್ಷಾಯಿಣಿ. "ಯಾವಾಗ ಬರತೈತಿ ಅಂತ ನನಗ ಗೊತ್ತಿತ್ತು. ನಾನ ತೋರಿಸಲಿಲ್ಲ. ಅವರು ಕೇಳಕೋತ ಸತ್ರು."

ಸುಕನ್ಯಾ ತಲೆಯೆತ್ತಿ ಅವಳನ್ನು ನೋಡಿದಳು. ಆ ಹುಬ್ಬು, ಆ ದವಡೆ, ಎಲ್ಲ ಮುರಿಗೆವ್ವನವೇ.

"ಛಲೋ ಮಾಡಿದ್ರಿ ವೈನಿ," ಎಂದಳು. ಮತ್ತೆ ಈಳಿಗೆ ಎಳೆದುಕೊಂಡು ಬದನೆಕಾಯಿ ಸೀಳತೊಡಗಿದಳು.

ದಾಕ್ಷಾಯಿಣಿ ಒಲೆಯ ಮೇಲಿದ್ದ ಎಸರಿಗೆ ಅಕ್ಕಿ ಹಾಕಿದಳು. ಅರ್ಧ ಅಕ್ಕಿ ಒಲೆಕಟ್ಟೆಯ ಮೇಲೆ ಚೆಲ್ಲಿತು. ಅದನ್ನು ಬಳಿದು ಮತ್ತೆ ಪಾತ್ರೆಗೆ ಹಾಕುತ್ತ ನಿಂತಳು. ಪಡಸಾಲೆಯಿಂದ ವಿಶಾಲ, ಮಂದಿ ಬಂದಾರ, ಎಲಿ ಹಾಕ್ರಿ ಎಂದು ಕೂಗಿದ.